ಮನೆಯ ಕೋವಿ ಮತ್ತು ಕಾನೂನು



ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಯ ಹಿಂಡು ಒಂದು ರಾತ್ರಿ ಗದ್ದೆಗೆ ನುಗ್ಗಿದರೆ ಸಾಕು, ನಾಲ್ಕು ತಿಂಗಳ ದುಡಿಮೆ ಮಣ್ಣುಪಾಲಾಗುತ್ತದೆ. ಅದಕ್ಕಾಗಿಯೇ ಮಲೆನಾಡಿನಲ್ಲಿ, ಕಾಡಂಚಿನ ಊರುಗಳಲ್ಲಿ ಹಲವರ ಮನೆಯಲ್ಲಿ ಒಂದು ಕೋವಿ ಇರುತ್ತದೆ. ಕೋವಿ ಇಟ್ಟುಕೊಳ್ಳುವುದು ತಪ್ಪಲ್ಲ. ಪರವಾನಗಿ, ಅಂದರೆ ನಾವು ಲೈಸನ್ಸು ಅನ್ನುತ್ತೇವಲ್ಲ, ಅದಿಲ್ಲದೆ ಇಟ್ಟುಕೊಳ್ಳುವುದು ತಪ್ಪು. ಬೆಳೆ ಉಳಿಸಲು ಹೋಗಿ ಮನೆಯ ಯಜಮಾನನೇ ಜೈಲು ಸೇರಿದರೆ ಹೊಲ ನೋಡುವವರು ಯಾರು? ಆದ್ದರಿಂದ ಈ ಹೊತ್ತು ಕೋವಿಯ ಕಾನೂನನ್ನು ಸ್ವಲ್ಪ ತಿಳಿದುಕೊಳ್ಳೋಣ.

ನಮ್ಮ ದೇಶದಲ್ಲಿ ಕೋವಿ, ಬಂದೂಕು, ತೋಟಾ, ಮದ್ದುಗಳಿಗೆಲ್ಲ ಅನ್ವಯಿಸುವುದು 1959ರ ಆಯುಧ ಕಾಯಿದೆ. ಇದು 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. 2019ರಲ್ಲಿ ಇದನ್ನು ತಿದ್ದಿ ಶಿಕ್ಷೆಗಳನ್ನು ಹೆಚ್ಚಿಸಿದ್ದಾರೆ. ಹಳೆಯ ಲೆಕ್ಕ ಹಿಡಿದುಕೊಂಡು ಕೂತವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಂಡವರಿಗೆ ಮೊದಲು ಒಂದರಿಂದ ಮೂರು ವರ್ಷ ಶಿಕ್ಷೆ ಇತ್ತು. ಈಗ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು, ಮೇಲೆ ದಂಡ. ವಿಶೇಷ ಕಾರಣವಿದ್ದರೆ ಮಾತ್ರ ನ್ಯಾಯಾಲಯ ಇದಕ್ಕಿಂತ ಕಡಿಮೆ ಮಾಡಬಹುದು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯೂ ಮೂರರಿಂದ ಎರಡಕ್ಕೆ ಇಳಿದಿದೆ.

ಹಾಗಾದರೆ ಪರವಾನಗಿ ಸಿಗುವುದು ಹೇಗೆ? 21 ವರ್ಷ ತುಂಬಿರಬೇಕು. ಅರ್ಜಿಯನ್ನು ಜಿಲ್ಲಾಧಿಕಾರಿಗಳಿಗೆ ಕೊಡಬೇಕು; ಪೋಲೀಸ್ ಕಮೀಷನರು ಇರುವ ನಗರಗಳಲ್ಲಿ ಅವರಿಗೆ. ಪೋಲೀಸ್ ಠಾಣೆಯಿಂದ ವರದಿ ತರಿಸಿಕೊಂಡು ಅವರು ತೀರ್ಮಾನಿಸುತ್ತಾರೆ. ಬೆಳೆಯ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕೆಂದು ಕಾಯಿದೆಯಲ್ಲಿಯೇ ಹೇಳಿದೆ. ಆ ಕೋವಿ ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ತೋಟಾ ಕೋವಿಗೂ ಕೊಡಬಹುದು. ಅರ್ಜಿ ತಳ್ಳಿಹಾಕಿದರೆ ಸಾಮಾನ್ಯವಾಗಿ ಕಾರಣವನ್ನು ಬರೆದಿಡಬೇಕು. ಅದರ ಮೇಲೆ ಅಪೀಲು ಹೋಗಬಹುದು. ಪರವಾನಗಿಯ ಅವಧಿ ಈಗ 5 ವರ್ಷ. ಮುಗಿಯುವ ಎರಡು ತಿಂಗಳು ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಿಬಿಡಿ. ಅವಧಿ ತೀರಿದ ಪರವಾನಗಿ ಇದ್ದೂ ಇಲ್ಲದ ಹಾಗೆ.

ಇನ್ನು ಹಳ್ಳಿಯಲ್ಲಿ ಹೆಚ್ಚಾಗಿ ಆಗುವ ತಪ್ಪು ಯಾವುದು ಗೊತ್ತೇ? ತಂದೆಯ ಹೆಸರಿನಲ್ಲಿ ಪರವಾನಗಿ ಇರುತ್ತದೆ. ತಂದೆ ತೀರಿಕೊಳ್ಳುತ್ತಾರೆ. ಜಮೀನಿನ ಖಾತೆ ಬದಲಾಯಿಸಲು ಮಗ ತಾಲ್ಲೂಕು ಕಛೇರಿಗೆ ಹತ್ತು ಸಲ ಅಲೆಯುತ್ತಾನೆ; ಗೋಡೆಯ ಮೇಲಿನ ಕೋವಿಯನ್ನು ಮಾತ್ರ ಮರೆತುಬಿಡುತ್ತಾನೆ. “ನಮ್ಮಪ್ಪನ ಕೋವಿ ತಾನೆ, ಲೈಸನ್ಸು ಇದೆಯಲ್ಲ” ಅನ್ನುತ್ತಾನೆ. ಪರವಾನಗಿ ಹೊಲದ ಹಾಗೆ ಮಗನಿಗೆ ಇಳಿದು ಬರುವುದಿಲ್ಲ. ಅದು ಆ ಮನುಷ್ಯನೊಂದಿಗೇ ಮುಗಿಯಿತು. ತಡಮಾಡದೆ ಆ ಕೋವಿಯನ್ನು ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲೋ ಒಪ್ಪಿಸಿ ರಸೀತಿ ಪಡೆಯಬೇಕು. ಆಮೇಲೆ ವಾರಸುದಾರರೊಬ್ಬರು ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಬಹುದು. ಮನೆಯ ಹೆಂಗಸರು ಇದನ್ನು ನೆನಪಿಟ್ಟು ಗಂಡಸರಿಗೆ ಹೇಳಬೇಕು. ಕೋವಿ ಸಿಕ್ಕಿದ ಮನೆಯಲ್ಲಿ ಇರುವವರೆಲ್ಲ ಪ್ರಶ್ನೆಗೆ ಉತ್ತರ ಕೊಡಬೇಕಾದೀತು.

ಎರಡನೆಯ ತಪ್ಪು ಕೋವಿಯನ್ನು ಕೈಕಡ ಕೊಡುವುದು. ನೊಗ, ನೇಗಿಲು ಕೊಟ್ಟ ಹಾಗೆ ಪಕ್ಕದ ಮನೆಯವರಿಗೆ “ಇವತ್ತು ರಾತ್ರಿ ಕಾವಲಿಗೆ ತಗೊಂಡು ಹೋಗು” ಎಂದು ಕೋವಿ ಕೊಡಬಾರದು. ಕೊಟ್ಟವರೂ ಕೆಟ್ಟರು, ಕೊಂಡವರೂ ಕೆಟ್ಟರು.

ಮೂರನೆಯದು ಇನ್ನೂ ದೊಡ್ಡದು. ಪರವಾನಗಿ ಇಲ್ಲದ ಕಮ್ಮಾರರಿಂದ ನಾಡಕೋವಿ ಮಾಡಿಸುವುದು, ರಿಪೇರಿ ಮಾಡಿಸುವುದು, ನಳಿಗೆ ಕತ್ತರಿಸಿ ಗಿಡ್ಡ ಮಾಡಿಸುವುದು. ಅನುಮತಿ ಇಲ್ಲದೆ ಆಯುಧ ಮಾಡುವವರಿಗೆ, ಮಾರುವವರಿಗೆ, ರಿಪೇರಿ ಮಾಡುವವರಿಗೆ ಕನಿಷ್ಠ 7 ವರ್ಷ. ಅದು ಜೀವಾವಧಿಯವರೆಗೂ ಹೋಗಬಹುದು. ಕುಲುಮೆಯ ಅಣ್ಣಂದಿರು ನೂರಿನ್ನೂರು ರೂಪಾಯಿಯ ಆಸೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮದುವೆ ದಿಬ್ಬಣದಲ್ಲಿ, ಹಬ್ಬದಲ್ಲಿ ಸಂತೋಷಕ್ಕೆಂದು ಈಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಪರವಾನಗಿ ಇದ್ದರೂ ಇದಕ್ಕೆ ವಿನಾಯಿತಿ ಇಲ್ಲ.

ಈಗ ಹಂದಿಯ ಮಾತಿಗೆ ಬರೋಣ. ಕೋವಿಗೆ ಪರವಾನಗಿ ಸಿಕ್ಕಿತೆಂದರೆ ಪ್ರಾಣಿ ಕೊಲ್ಲಲು ಪರವಾನಗಿ ಸಿಕ್ಕಿತೆಂದು ತಿಳಿಯಬೇಡಿ. ಅವೆರಡೂ ಬೇರೆ ಬೇರೆ. ಬೇಟೆಯ ವಿಷಯಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಹಂದಿ ಬೆಳೆ ಹಾಳುಮಾಡುತ್ತಿದ್ದರೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಇಲ್ಲದೆ ಹೊಡೆಯುವ ಹಾಗಿಲ್ಲ. ಆನೆ, ಚಿರತೆ, ಕಾಟಿ, ನವಿಲುಗಳನ್ನು ಕೊಂದರೆ 3ರಿಂದ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕೋವಿ ಹಿಡಿದು ಕಾಲಿಡುವುದೂ ಅಪರಾಧವೇ. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅದು ಬೇರೆ ಮಾತು. ಆಗಲೂ ಕೂಡಲೇ ಅರಣ್ಯದವರಿಗೆ ತಿಳಿಸಿ. ಬೆಳೆ ನಷ್ಟವಾದರೆ ಫೋಟೋ ತೆಗೆಸಿ, ಪಹಣಿ ಜೊತೆಗಿಟ್ಟು, ವಲಯ ಅರಣ್ಯ ಕಛೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ.

ಕೊಡಗಿನ ಕೇಳುಗರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರ ಆಜ್ಞೆಯಂತೆ ಅದು 2029ರ ಅಕ್ಟೋಬರ್ 31ರವರೆಗೆ. ಆದರೆ ಇದು ಪರವಾನಗಿ ಪಡೆಯುವುದಕ್ಕೆ ಮಾತ್ರ ಸಂಬಂಧಿಸಿದ ವಿನಾಯಿತಿ, ಬೇಟೆಯ ಕಾನೂನಿನಿಂದಲ್ಲ.

ಪರವಾನಗಿ ಇರುವವರು ಕೋವಿಯನ್ನು ಖಾಲಿಮಾಡಿ ಬೀಗದೊಳಗೆ ಇಡಿ. ತೋಟಾ ಬೇರೆ ಕಡೆ ಇಡಿ. ಮಕ್ಕಳ ಕೈಗೆ ಎಟುಕದಿರಲಿ. ಚುನಾವಣೆಯ ಕಾಲದಲ್ಲಿ ಒಪ್ಪಿಸಿರೆಂದು ಆಜ್ಞೆ ಬಂದರೆ ಠಾಣೆಗೆ ಒಪ್ಪಿಸಿ ರಸೀತಿ ಜೋಪಾನ ಮಾಡಿ. ಕಾಗದವಿಲ್ಲದ ಹಳೆಯ ಕೋವಿ ಮನೆಯಲ್ಲಿದ್ದರೆ ಬಚ್ಚಿಡಬೇಡಿ, ಬಾವಿಗೆ ಹಾಕಬೇಡಿ, ಮಾರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ಸಲಹೆ ಕೇಳಿ, ಅವರ ಮೂಲಕವೇ ಮುಂದುವರಿಯಿರಿ.

ಈ ರಾತ್ರಿ ಊಟವಾದ ಮೇಲೆ ಪೆಟ್ಟಿಗೆ ತೆಗೆದು ಪರವಾನಗಿ ಪುಸ್ತಕ ನೋಡಿ. ಯಾರ ಹೆಸರಿದೆ? ಯಾವ ತಾರೀಖಿನವರೆಗೆ ಇದೆ? ಅಷ್ಟು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.