ನಾಲ್ಕು ಪುಸ್ತಕ, ಒಂದು ಸಾಕ್ಷಿ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನನಗೆ ಒಪ್ಪಿಸಿದ ವಿಷಯ 'ಪ್ರಬಂಧ ರಚನೆಯಲ್ಲಿ ಆಕರಗಳ ಬಳಕೆ'. ಕೇಳಲು ಒಣ ವಿಷಯವೆನಿಸಬಹುದು. ಆದರೆ ನಿಮ್ಮಲ್ಲಿ ಹಲವರು ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಸೆಮಿನಾರ್ ಪ್ರಬಂಧ ಬರೆಯುತ್ತಿದ್ದೀರಿ, ಕೆಲವರು ಮುಂದೆ ಸಂಶೋಧನೆಗೂ ಹೋಗುವವರಿದ್ದೀರಿ. ಅಂಥ ಪ್ರಬಂಧಗಳನ್ನು ಓದುವಾಗ ನನಗೆ ಕಾಣುವ ಕೊರತೆ ಒಂದೇ. ಕೊನೆಯಲ್ಲಿ ಹತ್ತು ಪುಸ್ತಕಗಳ ಪಟ್ಟಿ ಇರುತ್ತದೆ, ಒಳಗೆ ಮಾತ್ರ ಒಂದೊಂದು ಪುಸ್ತಕದಿಂದ ಒಂದೊಂದು ಪ್ಯಾರಾ ತಂದು ಅಂಟಿಸಿರುತ್ತಾರೆ. ಪುಸ್ತಕಗಳು ಒಂದರೊಡನೊಂದು ಮಾತನಾಡುವುದಿಲ್ಲ. ಬರೆದವರೂ ಅವುಗಳೊಡನೆ ಮಾತನಾಡಿರುವುದಿಲ್ಲ.

ಇದನ್ನು ನಿಮಗೆ ಬೋಧಿಸುವ ಅಧಿಕಾರ ನನಗೆ ಬಂದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನೇ ಮೊದಲು ಹೇಳುತ್ತೇನೆ.

ನಾನು ಪದವಿ ತರಗತಿಯಲ್ಲಿದ್ದಾಗ ಇತಿಹಾಸದ ಅಧ್ಯಾಪಕರು 1565ರ ತಾಳಿಕೋಟೆ ಯುದ್ಧದ ಬಗ್ಗೆ ಪ್ರಬಂಧ ಬರೆಯಲು ಹೇಳಿದರು. ಸಹಪಾಠಿಯೊಬ್ಬ ತರಗತಿಯಲ್ಲಿ ತನ್ನ ಪ್ರಬಂಧ ಓದಿದ. ರಾಮರಾಯನ ಸೇನೆಯಲ್ಲಿದ್ದ ಇಬ್ಬರು ಮುಸ್ಲಿಂ ಸರದಾರರು ಯುದ್ಧದ ನಡುವೆ ತಿರುಗಿಬಿದ್ದದ್ದೇ ವಿಜಯನಗರದ ಸೋಲಿಗೆ ಕಾರಣ ಎಂದಿತ್ತು ಅದರಲ್ಲಿ. ಕೆಲವರು ತಿರುಗಿ ನನ್ನ ಮುಖ ನೋಡಿದರು. ಆ ಇಡೀ ತರಗತಿಯಲ್ಲಿ ಮುಸ್ಲಿಂ ವಿದ್ಯಾರ್ಥಿ ನಾನೊಬ್ಬನೇ. ಮನೆಗೆ ಬಂದು ಹಠದಿಂದ ಕೂತು ಬರೆದೆ. ನಾಲ್ಕು ಪುಸ್ತಕ ಓದಿದೆ. ನನಗೆ ಹಿತವೆನಿಸಿದ್ದನ್ನೆಲ್ಲ ಸೇರಿಸಿದೆ. ಆ ಇಬ್ಬರು ಸರದಾರರ ಮಾತು ಎಲ್ಲೆಲ್ಲಿ ಬಂದಿತೋ ಆ ಪುಟಗಳನ್ನು ಹಾರಿಸಿಬಿಟ್ಟೆ.

ಅಧ್ಯಾಪಕರು ಪ್ರಬಂಧ ಹಿಂದಿರುಗಿಸಿ ಎರಡೇ ಪ್ರಶ್ನೆ ಕೇಳಿದರು. "ನಾಲ್ಕು ಪುಸ್ತಕ ಓದಿದ್ದೀಯಲ್ಲ, ಸಾಕ್ಷಿಗಳು ಎಷ್ಟು ಮಂದಿ? ನಿನಗೆ ಬೇಡವಾದ ಸಾಕ್ಷಿಯನ್ನು ಯಾಕೆ ಕರೆಯಲಿಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಈ ಎರಡು ಪ್ರಶ್ನೆಗಳನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ಪ್ರಶ್ನೆ: ಸಾಕ್ಷಿಗಳು ಎಷ್ಟು ಮಂದಿ?

ನಾನು ಓದಿದ್ದು ಒಂದು ಪಠ್ಯಪುಸ್ತಕ, ಒಂದು ಪರೀಕ್ಷಾ ಗೈಡು, ಒಂದು ಸಾಮ್ರಾಜ್ಯ ಚರಿತ್ರೆ ಹಾಗೂ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ 'ಎ ಫರ್ಗಾಟನ್ ಎಂಪೈರ್'. ಗೈಡು ಪಠ್ಯಪುಸ್ತಕದ ಸಂಗ್ರಹ. ಪಠ್ಯಪುಸ್ತಕವೂ ಚರಿತ್ರೆಯ ಪುಸ್ತಕವೂ ಯುದ್ಧದ ವಿವರಕ್ಕೆ ಸೀವೆಲ್‌ನನ್ನು ನಂಬಿದ್ದವು. ಸೀವೆಲ್ ಆ ವಿವರದ ಬಹುಭಾಗವನ್ನು ಫೆರಿಷ್ತಾನ ಪರ್ಶಿಯನ್ ಗ್ರಂಥದ ಇಂಗ್ಲಿಷ್ ಅನುವಾದಗಳಿಂದ ಪಡೆದಿದ್ದ. ಅಂದರೆ ನನ್ನ ನಾಲ್ಕು ಪುಸ್ತಕಗಳಲ್ಲಿ ಮಾತನಾಡುತ್ತಿದ್ದವನು ಬಹುಮಟ್ಟಿಗೆ ಒಬ್ಬನೇ. 'ನಾಲ್ಕು ಪುಸ್ತಕಗಳೂ ಹೀಗೆಯೇ ಹೇಳುತ್ತವೆ' ಎಂದು ನಾನು ಹೆಮ್ಮೆಯಿಂದ ಬರೆದಿದ್ದೆ!

ಇದು ನಮ್ಮ ಹಿರಿಯರಿಗೆ ಗೊತ್ತಿಲ್ಲದ ಮಾತೇನಲ್ಲ. ಹದೀಸ್ ವಿದ್ವಾಂಸರು ಒಂದು ವರದಿ ಎಷ್ಟು ಗ್ರಂಥಗಳಲ್ಲಿದೆ ಎಂದು ನೋಡಿ ಸುಮ್ಮನಾಗಲಿಲ್ಲ. ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು, ಅಂದರೆ ಇಸ್ನಾದನ್ನು, ಹಿಂದಕ್ಕೆ ಹಿಡಿದುಕೊಂಡು ಹೋದರು. ಹಲವು ಸರಪಳಿಗಳು ಹಿಂದೆ ಹೋಗಿ ಒಬ್ಬನೇ ವರದಿಗಾರನಲ್ಲಿ ಕೂಡಿಕೊಂಡರೆ, ಆ ಹಂತದಲ್ಲಿ ಸಾಕ್ಷಿ ಒಂದೇ ಎಂದು ಲೆಕ್ಕ ಹಾಕಿದರು. ಪ್ರಬಂಧ ಬರೆಯುವವರು ಕಲಿಯಬೇಕಾದ ಮೊದಲ ಪಾಠ ಇದು. ಪ್ರತಿ ಪುಸ್ತಕವನ್ನೂ 'ಇದನ್ನು ನಿನಗೆ ಹೇಳಿದವರು ಯಾರು?' ಎಂದು ಕೇಳಬೇಕು.

ತಾಳಿಕೋಟೆ ಯುದ್ಧದ ಮಟ್ಟಿಗೆ ಹೀಗೆ ಕೇಳಿದರೆ ಏನು ಸಿಗುತ್ತದೆ ನೋಡೋಣ. ಫೆರಿಷ್ತಾ 1589ರಲ್ಲಿ ಬಿಜಾಪುರಕ್ಕೆ ಬಂದವನು. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ, ಯುದ್ಧ ನಡೆದು ಸುಮಾರು ನಲವತ್ತು ವರ್ಷಗಳ ನಂತರ ಬರೆದವನು. ಗೆದ್ದವರ ಆಸ್ಥಾನದಲ್ಲಿ ಕೂತು, ಕೇಳಿದ್ದನ್ನು ಬರೆದಿದ್ದಾನೆ. ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ 1567ರಲ್ಲಿ, ಅಂದರೆ ಯುದ್ಧದ ಎರಡು ವರ್ಷಗಳ ನಂತರ, ವಿಜಯನಗರಕ್ಕೆ ಬಂದು ಏಳು ತಿಂಗಳು ಉಳಿದವನು. ಯುದ್ಧವನ್ನು ಅವನೂ ಕಣ್ಣಾರೆ ಕಂಡಿಲ್ಲ, ಸೋತವರ ನಗರದಲ್ಲಿ ಕೇಳಿದ್ದನ್ನು ಬರೆದ. ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ವಿಜಯನಗರವನ್ನು ಬಹಳ ಚೆನ್ನಾಗಿ ವರ್ಣಿಸಿದ್ದಾರೆ. ಆದರೆ ಅವರು ಬರೆದದ್ದು ಯುದ್ಧಕ್ಕೆ ಮೂವತ್ತು ನಲವತ್ತು ವರ್ಷ ಮೊದಲು. ನಗರದ ವೈಭವಕ್ಕೆ ಅವರು ಸಾಕ್ಷಿ, ಯುದ್ಧಕ್ಕಲ್ಲ. ಒಬ್ಬ ಲೇಖಕ ಯಾವ ವಿಷಯಕ್ಕೆ ಸಾಕ್ಷಿಯಾಗಬಲ್ಲ, ಯಾವುದಕ್ಕೆ ಆಗಲಾರ ಎಂಬುದನ್ನು ತಿಳಿಯದೆ ಅವನ ಮಾತನ್ನು ಬಳಸಬಾರದು.

ಊರಿನ ಹೆಸರನ್ನೇ ನೋಡಿ. ತಾಳಿಕೋಟೆ ಎಂಬುದು ಸುಲ್ತಾನರ ಸೇನೆಗಳು ಬೀಡುಬಿಟ್ಟ ಊರು. ಯುದ್ಧ ನಡೆದದ್ದು ಕೃಷ್ಣಾ ನದಿಯನ್ನು ದಾಟಿದ ಮೇಲೆ, ದಕ್ಷಿಣಕ್ಕೆ. ಕನ್ನಡದಲ್ಲಿ ಇದನ್ನು ರಕ್ಕಸಗಿ-ತಂಗಡಗಿ ಯುದ್ಧವೆಂದೂ ಕರೆಯುತ್ತಾರೆ. ಒಂದೇ ಪುಸ್ತಕ ಓದಿದವನಿಗೆ ಇವು ಎರಡು ಯುದ್ಧಗಳೆಂದು ತೋರಿದರೂ ಆಶ್ಚರ್ಯವಿಲ್ಲ.

ಇನ್ನು ಸಂಖ್ಯೆಗಳು. ರಾಮರಾಯನ ಬಳಿ ಆರು ಲಕ್ಷ ಕಾಲಾಳು, ಒಂದು ಲಕ್ಷ ಕುದುರೆ ಸವಾರರಿದ್ದರೆಂದು ಪೋರ್ಚುಗೀಸ್ ಚರಿತ್ರಕಾರ ಡಿಯೊಗೊ ಡೊ ಕೌಟೊ ಬರೆದ. ಬೇರೆಯವರ ಲೆಕ್ಕ ಬೇರೆ. ಇಲ್ಲಿ ನನಗೆ ಇಬ್ನ್ ಖಲ್ದೂನ್ ನೆನಪಾಗುತ್ತಾನೆ. 1377ರಲ್ಲಿ ರಚಿಸಿದ 'ಮುಕದ್ದಿಮಾ'ದ ಆರಂಭದಲ್ಲಿಯೇ ಅವನು, ಪ್ರವಾದಿ ಮೂಸಾ ಅವರ ಜೊತೆ ಆರು ಲಕ್ಷ ಯೋಧರಿದ್ದರೆಂದು ಅಲ್ ಮಸೂದಿಯಂಥ ದೊಡ್ಡ ಚರಿತ್ರಕಾರ ಬರೆದದ್ದನ್ನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಸೇನೆಯನ್ನು ಆ ನಾಡು ಹೇಗೆ ಸಾಕೀತು? ಸಾಲುಗಟ್ಟಿ ನಿಲ್ಲಿಸಿದರೆ ಒಂದು ತುದಿಯವರಿಗೆ ಇನ್ನೊಂದು ತುದಿಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಹೇಗೆ? ಕೆಲವೇ ತಲೆಮಾರುಗಳಲ್ಲಿ ಒಂದು ವಂಶ ಅಷ್ಟೊಂದು ಬೆಳೆಯುವುದುಂಟೆ? ಹೀಗೆ ಕೇಳುತ್ತಾ ಹೋಗುತ್ತಾನೆ. ಹೇಳಿದವನು ದೊಡ್ಡವನೆಂಬ ಕಾರಣಕ್ಕೆ ಸಂಖ್ಯೆಯನ್ನು ನಂಬಬಾರದೆಂದು ನಮ್ಮವನೇ ಒಬ್ಬ ಆರೂವರೆ ಶತಮಾನಗಳ ಹಿಂದೆ ಕಲಿಸಿದ್ದಾನೆ. ನಾವು ಇಂದಿಗೂ ಗೈಡಿನಲ್ಲಿದ್ದ ಅಂಕಿಯನ್ನು ಹಾಗೆಯೇ ಇಳಿಸುತ್ತೇವೆ.

ಎರಡನೆಯ ಪ್ರಶ್ನೆ: ಬೇಡವಾದ ಸಾಕ್ಷಿ

ಇಬ್ಬರು ಮುಸ್ಲಿಂ ಸರದಾರರ ದ್ರೋಹದ ಮಾತನ್ನು ಹೇಳುವವನು ಸೀಸರ್ ಫ್ರೆಡರಿಕ್. ಒಬ್ಬೊಬ್ಬರ ಕೈಕೆಳಗೆ ಎಪ್ಪತ್ತು ಎಂಬತ್ತು ಸಾವಿರ ಸೈನಿಕರಿದ್ದರೆಂದು ಅವನ ಹೇಳಿಕೆ. ಫೆರಿಷ್ತಾನ ಕಥನದಲ್ಲಿ ಈ ಮಾತಿಲ್ಲ. ರಾಮರಾಯ ಸೆರೆಸಿಕ್ಕಿದ, ಹುಸೇನ್ ನಿಜಾಮ್ ಶಾಹನ ಅಪ್ಪಣೆಯಂತೆ ಅವನ ತಲೆ ಹೋಯಿತು, ಅದನ್ನು ಕಂಡು ಸೇನೆ ಚದುರಿತು ಎಂಬುದು ಅವನ ವಿವರಣೆ. ನನ್ನ ಸಹಪಾಠಿ ಮೊದಲನೆಯದನ್ನು ಮಾತ್ರ ಬರೆದ, ನಾನು ಎರಡನೆಯದನ್ನು ಮಾತ್ರ ಬರೆದೆ. ನಮ್ಮಿಬ್ಬರ ತಪ್ಪೂ ಒಂದೇ ತೂಕದ್ದು.

ಅಧ್ಯಾಪಕರ ಮಾತಿನ ಮೇಲೆ ನಾನು ಮತ್ತೆ ಬರೆಯಲು ಕೂತೆ. ಈ ಸಲ ಫ್ರೆಡರಿಕ್‌ನನ್ನು ನಿಧಾನವಾಗಿ ಓದಿದೆ. ಆಗ ಹೊಳೆದ ವಿಷಯ ನನ್ನನ್ನು ಬೆರಗುಗೊಳಿಸಿತು. ನಾನು ಮುಚ್ಚಿಡಲು ಹೊರಟಿದ್ದ ಸಾಕ್ಷಿ ಏನು ಹೇಳುತ್ತಿದ್ದಾನೆ? ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸರದಾರರು ಅತ್ಯಂತ ಎತ್ತರದ ಹುದ್ದೆಗಳಲ್ಲಿದ್ದರು ಎಂದಲ್ಲವೇ! ದ್ರೋಹದ ಮಾತು ನಿಜವಿರಲಿ ಇಲ್ಲದಿರಲಿ, ಅಂಥ ಸರದಾರರು ಅಲ್ಲಿದ್ದದ್ದನ್ನು ಕೇಳಿದವರು ಸಹಜವೆಂದೇ ತಿಳಿದಿದ್ದರು. ಇದಕ್ಕೆ ಬೇರೆ ಆಧಾರವಿದೆಯೇ ಎಂದು ಹುಡುಕಿದೆ. ಎರಡನೆಯ ದೇವರಾಯ ತನ್ನ ಸೇನೆಗೆ ಮುಸ್ಲಿಮರನ್ನು ಸೇರಿಸಿಕೊಂಡ, ಅವರ ವಂದನೆಗೆ ಅನುಕೂಲವಾಗಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಪ್ರತಿಯನ್ನಿರಿಸಿದ ಎಂದು ಫೆರಿಷ್ತಾ ಹೇಳುತ್ತಾನೆ. ಹಂಪಿಯಲ್ಲಿ ಅಹ್ಮದ್ ಖಾನ್ ಎಂಬ ಅಧಿಕಾರಿ ಅದೇ ದೇವರಾಯನ ಪುಣ್ಯಾರ್ಥವಾಗಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಅದರ 1439ರ ಕನ್ನಡ ಶಾಸನ ಆ ಕಟ್ಟಡವನ್ನು 'ಧರ್ಮಸಾಲೆ' ಎಂದು ಕರೆಯುತ್ತದೆ. ವೆನಿಸ್ಸಿನ ವರ್ತಕ, ಬಿಜಾಪುರದ ಚರಿತ್ರಕಾರ, ಹಂಪಿಯ ಕಲ್ಲು: ಈ ಮೂರೂ ಒಂದನ್ನೊಂದು ನೋಡಿ ಬರೆದವಲ್ಲ. ಆದ್ದರಿಂದಲೇ ಅವು ಒಂದು ಮಾತಿನಲ್ಲಿ ಕೂಡಿದಾಗ ಅದಕ್ಕೆ ಬೆಲೆ.

ಇನ್ನೊಂದು ಕಡೆ, ನನಗೆ ಹಿತವಲ್ಲದ ಸಂಗತಿಗಳೂ ಇದ್ದವು. ಗೆದ್ದ ಸೇನೆಗಳು ರಾಜಧಾನಿಯನ್ನು ಸೂರೆ ಮಾಡಿದವು. ಮನೆಗಳು ನಿಂತಿವೆ, ಆದರೆ ಬರಿದಾಗಿವೆ ಎಂದು ಫ್ರೆಡರಿಕ್ ಬರೆದ. ಅದನ್ನೂ ಬರೆಯಬೇಕಾಯಿತು. ಇದೇ ರಾಮರಾಯ ಹಿಂದೊಮ್ಮೆ ಅಲಿ ಆದಿಲ್ ಶಾಹನೊಡನೆ ಕೂಡಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದನೆಂಬುದನ್ನೂ, ಯುದ್ಧಕ್ಕೆ ಮುನ್ನ ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟು, ಬಳುವಳಿಯಾಗಿ ಸೊಲ್ಲಾಪುರದ ಕೋಟೆಯನ್ನು ಬಿಟ್ಟುಕೊಟ್ಟರೆಂಬುದನ್ನೂ ಬರೆದೆ. ಎಲ್ಲವನ್ನೂ ಬರೆದ ಮೇಲೆ ಪ್ರಬಂಧ ಯಾರ ಪರವಾಗಿಯೂ ಉಳಿಯಲಿಲ್ಲ. ಆದರೆ ಯಾರು ಓದಿದರೂ ನನ್ನ ಮುಖ ನೋಡುವ ಅಗತ್ಯವಿಲ್ಲದಂತಾಯಿತು.

ಬರೆಯುವ ಕ್ರಮ

ಈಗ ಕೈಕೆಲಸದ ಮಾತು. ಓದುವಾಗ ಚೀಟಿಗಳನ್ನು ಇಟ್ಟುಕೊಳ್ಳಿ. ಪ್ರತಿ ಚೀಟಿಯ ತಲೆಯ ಮೇಲೆ ಲೇಖಕ, ಪುಸ್ತಕ, ಪುಟಸಂಖ್ಯೆ ಬರೆಯಿರಿ. ಅವನು ಯಾವಾಗ, ಎಲ್ಲಿ, ಯಾರಿಗಾಗಿ ಬರೆದ ಎಂಬುದನ್ನೂ ಒಂದು ಸಾಲಿನಲ್ಲಿ ಗುರುತು ಮಾಡಿ. ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಸಾರ ಬರೆಯಿರಿ. ತೆರೆದಿಟ್ಟುಕೊಂಡು ಬರೆದರೆ ಅವನ ವಾಕ್ಯವೇ ನಿಮ್ಮ ಕೈಗೆ ಬರುತ್ತದೆ, ಕೊನೆಗೆ ಅದು ಕದ್ದ ಮಾಲಾಗುತ್ತದೆ.

ಆಮೇಲೆ ದೊಡ್ಡ ಹಾಳೆಯೊಂದರಲ್ಲಿ ಮನೆಗಳನ್ನು ಹಾಕಿ. ಎಡಗಡೆ ಮೇಲಿನಿಂದ ಕೆಳಗೆ ನಿಮ್ಮ ಪ್ರಶ್ನೆಗಳು: ಯುದ್ಧ ಎಲ್ಲಿ ನಡೆಯಿತು, ಕಾರಣವೇನು, ಸೋಲು ಹೇಗಾಯಿತು, ನಗರ ಏನಾಯಿತು. ಮೇಲ್ಗಡೆ ಅಡ್ಡಸಾಲಿನಲ್ಲಿ ಸಾಕ್ಷಿಗಳ ಹೆಸರು. ಯಾರು ಏನು ಹೇಳಿದರೆಂದು ತುಂಬುತ್ತಾ ಹೋಗಿ. ಖಾಲಿ ಉಳಿದ ಮನೆಯೂ ಒಂದು ಸುದ್ದಿಯೇ. ದ್ರೋಹದ ಸಾಲಿನಲ್ಲಿ ಫೆರಿಷ್ತಾನ ಮನೆ ಖಾಲಿ ಇದ್ದದ್ದನ್ನು ಕಂಡಾಗಲೇ ನನಗೆ ಪ್ರಶ್ನೆ ಹುಟ್ಟಿದ್ದು. ಪ್ರಬಂಧವನ್ನು ಪುಸ್ತಕಕ್ಕೊಂದು ಪ್ಯಾರಾದಂತೆ ಬರೆಯಬೇಡಿ, ಪ್ರಶ್ನೆಗೊಂದು ಪ್ಯಾರಾದಂತೆ ಬರೆಯಿರಿ. ಆಗ ಪ್ರತಿ ಪ್ಯಾರಾದಲ್ಲಿಯೂ ಎರಡು ಮೂರು ದನಿಗಳು ಸೇರುತ್ತವೆ.

ಉದಾಹರಣೆಗೆ, 'ಮುಸ್ಲಿಂ ಸರದಾರರ ದ್ರೋಹದಿಂದ ವಿಜಯನಗರ ಸೋತಿತು' ಎಂದು ಬರೆಯುವ ಬದಲು ಹೀಗೆ ಬರೆಯಬಹುದು: 'ಎರಡು ವರ್ಷಗಳ ನಂತರ ನಗರಕ್ಕೆ ಬಂದ ಫ್ರೆಡರಿಕ್, ಇಬ್ಬರು ಸರದಾರರ ದ್ರೋಹವನ್ನು ಸೋಲಿಗೆ ಕಾರಣವಾಗಿ ಹೇಳುತ್ತಾನೆ. ಬಿಜಾಪುರದ ಆಸ್ಥಾನದಲ್ಲಿ ಬರೆದ ಫೆರಿಷ್ತಾ ಇದನ್ನು ಹೇಳದೆ, ರಾಮರಾಯನ ಸೆರೆ ಮತ್ತು ವಧೆಯನ್ನು ಕಾರಣವಾಗಿ ಕಾಣುತ್ತಾನೆ. ಇಬ್ಬರೂ ಕಣ್ಣಾರೆ ಕಂಡವರಲ್ಲ. ಗೆದ್ದವರ ಕಡೆಯವರು ತಮ್ಮ ಜಯವನ್ನು ಇತರರ ದ್ರೋಹದಿಂದ ಬಂದದ್ದೆಂದು ಹೇಳಿಕೊಳ್ಳಲಾರರು, ಸೋತ ಊರಿನ ಜನ ದ್ರೋಹದ ಮಾತನ್ನು ಬೇಗ ನಂಬುತ್ತಾರೆ. ಆದ್ದರಿಂದ ಇಷ್ಟರಿಂದಲೇ ತೀರ್ಮಾನ ಕೊಡಲಾಗದು.' ವಾಕ್ಯಗಳು ಹೆಚ್ಚಾದವು, ನಿಜ. ಆದರೆ ಈಗ ಇದರಲ್ಲಿ ಬರೆದವನ ಬುದ್ಧಿಯೂ ಕೆಲಸ ಮಾಡಿದೆ.

ಇಂದು ಮೊಬೈಲ್‌ನಲ್ಲಿ ಕೇಳಿದರೆ ಕ್ಷಣದಲ್ಲಿ ಉತ್ತರ ಸಿಗುತ್ತದೆ. ಬೇಡವೆನ್ನುವುದಿಲ್ಲ. ಆದರೆ ಒಂದೇ ಪ್ಯಾರಾ ನೂರು ಕಡೆ ನಕಲಾಗಿದ್ದರೆ ಅದು ನೂರು ಸಾಕ್ಷಿಯಲ್ಲ. ಅದನ್ನು ದಾರಿ ತೋರುವ ಕೈಮರವೆಂದು ತಿಳಿಯಿರಿ. ಕೈಮರ ನೋಡಿ ಊರಿಗೆ ಹೋಗಬೇಕು, ಅದರ ಕೆಳಗೇ ಕೂತರೆ ಆಗದು.

ಸಂಘದ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ನಮ್ಮ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವಾಗ ಒಂದೇ ವಿಷಯದ ಮೇಲೆ ಪರಸ್ಪರ ಒಪ್ಪದ ಎರಡು ಮೂರು ಪುಸ್ತಕಗಳನ್ನಾದರೂ ಕೊಳ್ಳಿ. ನಮ್ಮ ಮಕ್ಕಳು ತಮಗೆ ಹಿತವಾದದ್ದನ್ನಷ್ಟೇ ಓದಿ ಬೆಳೆದರೆ, ಹೊರಗೆ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ.

ವಿದ್ಯಾರ್ಥಿಗಳೇ, ನಿಮ್ಮ ಮುಂದಿನ ಪ್ರಬಂಧ ಮುಗಿದಾಗ ಆ ಎರಡು ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ. ಸಾಕ್ಷಿಗಳು ಎಷ್ಟು ಮಂದಿ? ಯಾರನ್ನು ಕರೆಯದೆ ಬಿಟ್ಟೆ? ಉತ್ತರ ಹೇಳಲು ನಾಚಿಕೆಯಾದರೆ ಮತ್ತೆ ಕೂತು ಬರೆಯಿರಿ. ನಾನೂ ಹಾಗೆಯೇ ಕಲಿತದ್ದು.