ಮಕ್ಕಳ ಸದ್ದಿಗೊಂದು ಕೊಠಡಿ

(ವಾರಾಣಸಿಯ ಹನುಮಾನ್ ಘಾಟಿನಲ್ಲಿ ಸೇರಿದ್ದ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣ)



ಮೈಸೂರು ಸಂಸ್ಥಾನವು ಕಟ್ಟಿಸಿದ ಘಟ್ಟದ ಮಗ್ಗುಲಲ್ಲೇ ನಿಂತಿರುವ ನಾನು ದಾಸರ ಪದಗಳನ್ನು ಕುರಿತು ಮಾತನಾಡುವೆನೆಂದು ತಾವು ನಿರೀಕ್ಷಿಸಿರಬಹುದು. ಕ್ಷಮಿಸಬೇಕು. ಬೆಂಗಳೂರಿನ ಹೆವಿ ಮೆಟಲ್ ತಂಡವೊಂದರ ಮೊದಲ ಆಲ್ಬಂ ಕುರಿತು ಹೇಳಬೇಕೆಂದಿದ್ದೇನೆ. ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಎಂಬ ಯುವಕರು ಬೆಂಗಳೂರಿನಲ್ಲಿ ‘ಕ್ರಿಪ್ಟೋಸ್’ ತಂಡವನ್ನು ಕಟ್ಟಿದರು. ವಿದೇಶೀ ತಂಡಗಳ ಹಾಡುಗಳನ್ನು ಯಥಾವತ್ತಾಗಿ ನುಡಿಸಿದವರಿಗೆ ಕಾಲೇಜು ಉತ್ಸವಗಳಲ್ಲಿ ಸುಲಭವಾಗಿ ಚಪ್ಪಾಳೆ ದೊರೆಯುತ್ತಿದ್ದ ಕಾಲವದು. ಇವರು ಸ್ವಂತ ರಚನೆಗಳ ದಾರಿ ಹಿಡಿದರು. ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಹೊರಬಂದುದು 2004ರಲ್ಲಿ. ನಡುವೆ ಆರು ವರ್ಷಗಳು!

ಇಂಥ ಸಂಗೀತದ ಧ್ವನಿಮುದ್ರಣದಲ್ಲಿ ಸಾಮಾನ್ಯವಾಗಿ ಡ್ರಮ್ ವಾದಕನೇ ಮೊದಲಿಗ. ಕಿವಿಯಲ್ಲಿ ಕೇಳುವ ಟಿಕ್ ಟಿಕ್ ಸದ್ದಿಗೆ ಬದ್ಧನಾಗಿ ಆತ ಇಡೀ ಹಾಡಿನ ಲಯವನ್ನು ನುಡಿಸುತ್ತಾನೆ. ಅದರ ಮೇಲೆ ಬೇಸ್, ಗಿಟಾರುಗಳು, ಕಡೆಗೆ ಕಂಠ. ಎಲ್ಲವೂ ಬೇರೆ ಬೇರೆ ಪದರಗಳು. ಬಳಿಕ ಅವನ್ನು ಹದವರಿತು ಬೆರೆಸಬೇಕು. ವೇದಿಕೆಯ ಗದ್ದಲದಲ್ಲಿ ಮುಚ್ಚಿಹೋಗುವ ತಪ್ಪು ಇಲ್ಲಿ ಸ್ಪಷ್ಟವಾಗಿ ಕೇಳಿಸಿಬಿಡುತ್ತದೆ. ನಾವು ಕಿರುಚಾಟವೆಂದು ತಳ್ಳಿಹಾಕುವುದರ ಹಿಂದೆ ಇಷ್ಟು ಶಿಸ್ತಿದೆ. ಇದೇ ಊರಿನ ಬಿಸ್ಮಿಲ್ಲಾ ಖಾನರು ಗಂಗಾತೀರದ ಬಾಲಾಜಿ ದೇವಾಲಯದಲ್ಲಿ ನಡೆಸಿದ ಅಭ್ಯಾಸದೊಡನೆ ಇದನ್ನು ನಾನು ತೂಗುತ್ತಿಲ್ಲ. ‘ಸಾಧನೆ’ ಎಂಬ ಶಬ್ದ ಎರಡಕ್ಕೂ ಸಲ್ಲುತ್ತದೆ ಎನ್ನುತ್ತೇನೆ, ಅಷ್ಟೆ.

2013ರಲ್ಲಿ ಈ ತಂಡ ಜರ್ಮನಿಯ ಹೆಸರಾಂತ ವಾಕನ್ ಉತ್ಸವದಲ್ಲಿ ನುಡಿಸಿತು. ಹಾಡುವುದು ಇಂಗ್ಲಿಷಿನಲ್ಲಿ, ಇದರಲ್ಲಿ ಕನ್ನಡವೆಲ್ಲಿ ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಮೆಚ್ಚಿದ್ದನ್ನೆಲ್ಲ ಹೊಸ್ತಿಲ ಹೊರಗಿಟ್ಟು, ಆಮೇಲೆ ಅವರನ್ನು ರಾಜ್ಯೋತ್ಸವಕ್ಕೆ ಕರೆದರೆ ಬಂದಾರೆಯೇ?

ಈಗ ನನ್ನ ಅರಿಕೆ. ನನ್ನ ಮಗನೂ ಗೆಳೆಯರೊಡನೆ ನಾಲ್ಕು ಹಾಡುಗಳನ್ನು ಕಟ್ಟಿದ್ದ; ಒಂದು ಕನ್ನಡದ್ದು. ಅವನ ಪರೀಕ್ಷೆ, ನನ್ನ ವರ್ಗಾವಣೆ ಎಂಬ ನೆಪಗಳನ್ನು ಹೇಳಿ ನಾನು ಆ ಗಿಟಾರನ್ನು ಮಾರಿಸಿದೆ. ಈಗ ಅವನಿಗೆ ಒಳ್ಳೆಯ ನೌಕರಿಯಿದೆ. ಕಳೆದ ವರ್ಷ ಆ ಕನ್ನಡ ಹಾಡನ್ನು ಹೇಳೆಂದು ಕೇಳಿದೆ. “ಮರೆತುಹೋಯ್ತಪ್ಪಾ” ಎಂದ. ಕೋಪದಿಂದ ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆದುದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ: ವಾರಕ್ಕೊಂದು ಸಂಜೆ ನಮ್ಮ ಕೊಠಡಿಯ ಬೀಗದ ಕೈಯನ್ನು ಮಕ್ಕಳಿಗೆ ಕೊಡೋಣ. ಅವರು ಏನು ನುಡಿಸುವರೋ ನುಡಿಸಲಿ. ನಾವು ಕೂತು ಕೇಳೋಣ.