ಚರಂಡಿಗೆ ಹೋಗುವ ಗೊಬ್ಬರ



ಸಭ್ಯರ ಮನೆಗಳಲ್ಲಿ ಸಂಜೆಯ ಹೊತ್ತು ಎತ್ತಬಾರದ ವಿಷಯವೊಂದನ್ನು ಈ ದಿನ ಎತ್ತುತ್ತಿದ್ದೇನೆ; ತಾವು ಮನ್ನಿಸಬೇಕು. ವಿಷಯವು ಮೂತ್ರ. ನಮ್ಮ ಹಳ್ಳಿಯಲ್ಲಿ ಅಜ್ಜಿಯವರು ಕೊಟ್ಟಿಗೆಯ ನೆಲಕ್ಕೆ ಒಣಮಣ್ಣು ಹರಡಿಸಿ, ದನಗಳ ಗಂಜಲವು ಅದರಲ್ಲಿ ಇಂಗಿದ ಮೇಲೆ ಆ ಮಣ್ಣನ್ನು ಕೆರೆಸಿ ತಿಪ್ಪೆಗೆ ಹಾಕಿಸುತ್ತಿದ್ದರು. ಗಂಜಲ ಹರಿದುಹೋದರೆ ಅಷ್ಟು ರಾಗಿ ಹರಿದುಹೋದಂತೆ ಎಂಬುದು ಅವರ ಲೆಕ್ಕ. ಮನುಷ್ಯರ ಮಟ್ಟಿಗೆ ಮಾತ್ರ ಈ ಲೆಕ್ಕವನ್ನು ಮನೆಯಲ್ಲಿ ಯಾರೂ ಹಾಕಲಿಲ್ಲ.

ಪೈರಿನ ಆಹಾರದಲ್ಲಿ ಸಾರಜನಕವು ಮುಖ್ಯವಾದುದು. ವಾಯುವಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅದೇ ಆದರೂ, ಬಹುಪಾಲು ಪೈರುಗಳು ಅದನ್ನು ನೇರವಾಗಿ ಹೀರಲಾರವು. ಚಿಲಿ ದೇಶದ ನೈಟ್ರೇಟು ಮುಗಿದರೆ ಗೋಧಿ ಉಣ್ಣುವ ಜನಕ್ಕೆ ಕ್ಷಾಮ ತಪ್ಪದೆಂದು ೧೮೯೮ರಲ್ಲಿ ಸರ್ ವಿಲಿಯಂ ಕ್ರುಕ್ಸ್ ಅವರು ಎಚ್ಚರಿಸಿದರು. ನಾರ್ವೆಯವರು ೧೯೦೫ರಲ್ಲಿ ಜಲಪಾತದ ವಿದ್ಯುತ್ತಿನಿಂದ ಗಾಳಿಯಲ್ಲಿ ಕಿಡಿಯೆಬ್ಬಿಸಿ ಗೊಬ್ಬರ ಮಾಡತೊಡಗಿದರು. ಜರ್ಮನಿಯ ಹೇಬರ್ ಮತ್ತು ಬಾಷ್ ಅವರ ವಿಧಾನವು ೧೯೧೩ರಲ್ಲಿ ಕಾರ್ಖಾನೆಯ ಮಟ್ಟಕ್ಕೇರಿ ಉಳಿದುದೆಲ್ಲವನ್ನೂ ಹಿಂದಕ್ಕೆ ತಳ್ಳಿತು. ನಮ್ಮ ಮೈಸೂರಿನ ಬಳಿ ಬೆಳಗೊಳದಲ್ಲಿಯೂ ೧೯೪೦ರ ಆಸುಪಾಸಿನಲ್ಲಿ ಅಮೋನಿಯಾ ತಯಾರಿಸಿ ಅಮೋನಿಯಂ ಸಲ್ಫೇಟನ್ನು ಮಾಡುತ್ತಿದ್ದರು. ೧೯೬೧ರಲ್ಲಿ ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾ ವಿದ್ಯುತ್ತಿನಿಂದ ನೀರನ್ನೇ ಒಡೆದು ಜಲಜನಕವನ್ನು ತೆಗೆದರು. ಇಂದು ಲೋಕದಲ್ಲಿ ಆ ಜಲಜನಕವು ಬಹುಮಟ್ಟಿಗೆ ಭೂಮಿಯೊಳಗಿನ ಅನಿಲದಿಂದಲೂ ಕಲ್ಲಿದ್ದಲಿನಿಂದಲೂ ಬರುತ್ತದೆ. ನಮ್ಮ ಯೂರಿಯಾಕ್ಕೆ ಬೇಕಾದ ಅನಿಲದ ದೊಡ್ಡ ಪಾಲನ್ನು ಹಡಗಿನಲ್ಲಿ ತರಿಸಬೇಕಾಗಿದೆ.

ಇಷ್ಟು ಕಷ್ಟಪಟ್ಟು ಕಟ್ಟಿದ ಸಾರಜನಕದ ಗತಿಯೇನು? ಪೈರಿನಿಂದ ಅನ್ನಕ್ಕೆ, ಅನ್ನದಿಂದ ನಮ್ಮ ದೇಹಕ್ಕೆ ಬಂದು, ಬಹುಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ. ಒಳ್ಳೆಯ ಶುದ್ಧೀಕರಣಾಲಯವಿರುವ ನಗರದಲ್ಲಿ ವಿದ್ಯುತ್ತನ್ನು ಸುಟ್ಟು ಕೊಳಚೆಗೆ ಗಾಳಿಯೂದಿ, ಸೂಕ್ಷ್ಮಜೀವಿಗಳ ಮೂಲಕ ಅದನ್ನು ಮತ್ತೆ ವಾಯುವಿಗೇ ಬಿಡುತ್ತಾರೆ. ಶುದ್ಧೀಕರಣಾಲಯವಿಲ್ಲದೆಡೆ ಕೆರೆಗೆ ಸೇರಿ ಜೊಂಡನ್ನು ಬೆಳೆಸುತ್ತದೆ. ಕಟ್ಟುವುದಕ್ಕೊಂದು ಖರ್ಚು, ಬಿಚ್ಚುವುದಕ್ಕೊಂದು ಖರ್ಚು. ಅರ್ಥಶಾಸ್ತ್ರ ಬಲ್ಲ ನನ್ನ ಮಿತ್ರರಾರೂ ಇದನ್ನು ನನಗೆ ಸಮರ್ಥಿಸಿ ಹೇಳಲಿಲ್ಲ.

ಪ್ರಮಾಣವು ಅಲ್ಪವೇನಲ್ಲ. ವಯಸ್ಕನೊಬ್ಬನ ಮೂತ್ರದಲ್ಲಿ ವರ್ಷಕ್ಕೆ ಸುಮಾರು ೪ ಕಿಲೋಗ್ರಾಂ ಸಾರಜನಕವಿರುತ್ತದೆ. ೪೫ ಕಿಲೋಗ್ರಾಂ ತೂಗುವ ಯೂರಿಯಾ ಚೀಲದಲ್ಲಿ ಇರುವುದು ಸುಮಾರು ೨೧ ಕಿಲೋಗ್ರಾಂ. ಎಂದರೆ ಐವರಿಗೆ ವರ್ಷಕ್ಕೊಂದು ಚೀಲ. ನಗರದ ಕೊಳಚೆಯ ಗಾತ್ರದಲ್ಲಿ ಮೂತ್ರವು ನೂರಕ್ಕೆ ಒಂದರಷ್ಟು ಮಾತ್ರ. ಆದರೆ ಸಾರಜನಕದಲ್ಲಿ ಸುಮಾರು ೮೦ ಪಾಲು ಅದರದೇ.

ಅದನ್ನು ಮರಳಿ ಪಡೆಯುವ ಬಗೆಯನ್ನು ಹೇಳುತ್ತೇನೆ. ಕೂಡಿಟ್ಟ ಮೂತ್ರದಲ್ಲಿ ಯೂರಿಯಾ ತಾನಾಗಿಯೇ ಒಡೆದು ಅಮೋನಿಯಾ ಆಗುತ್ತದೆ; ನಾವು ಮೂಗು ಮುಚ್ಚಿಕೊಳ್ಳುವುದು ಹಾರಿಹೋಗುತ್ತಿರುವ ಗೊಬ್ಬರಕ್ಕೆ. ತೆಳುವಾದ ಪೊರೆಗಳಿಂದ ಮೂರು ಕೋಣೆಗಳಾಗಿ ವಿಂಗಡಿಸಿದ ಪಾತ್ರೆಯ ಮೊದಲನೆಯ ಕೋಣೆಗೆ ಈ ದ್ರವವನ್ನು ತುಂಬಿ ವಿದ್ಯುತ್ತನ್ನು ಹರಿಸಿದರೆ, ಧನವಿದ್ಯುತ್ತುಳ್ಳ ಅಮೋನಿಯಂ ಕಣಗಳು ಪೊರೆಯನ್ನು ಹಾಯ್ದು ಋಣಧ್ರುವದ ಕಡೆಗೆ ನಡೆಯುತ್ತವೆ. ಅಲ್ಲಿ ದ್ರವವು ಕ್ಷಾರವಾಗಿರುವುದರಿಂದ ಅವು ಅಮೋನಿಯಾ ಅನಿಲವಾಗುತ್ತವೆ. ಅನಿಲವನ್ನು ಮಾತ್ರ ಬಿಡುವ ಎರಡನೆಯ ಪೊರೆಯಾಚೆ ಗಂಧಕಾಮ್ಲವು ಕಾದಿರುತ್ತದೆ. ಎರಡೂ ಕೂಡಿ ಅಮೋನಿಯಂ ಸಲ್ಫೇಟು. ಬೆಳಗೊಳದ ಸರಕೇ! ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೨೦೨೫ರಲ್ಲಿ ಈ ಕೆಲಸಕ್ಕೆ ಸೌರಫಲಕವನ್ನು ಜೋಡಿಸಿ, ಫಲಕವು ಬಿಸಿಲಿಗೆ ಕಾದ ಶಾಖವನ್ನೂ ದ್ರವಕ್ಕೆ ಕೊಟ್ಟರು. ದ್ರವ ಬೆಚ್ಚಗಾಗಿ ಅಮೋನಿಯಾ ಬೇಗ ಬಿಟ್ಟಿತು; ಫಲಕ ತಣ್ಣಗಾಗಿ ವಿದ್ಯುತ್ತು ಹೆಚ್ಚಿತು. ಕಾರ್ಖಾನೆಗಳ ಕೊಳಚೆಯಲ್ಲಿನ ನೈಟ್ರೇಟನ್ನು ವಿದ್ಯುತ್ತಿನಿಂದ ಅಮೋನಿಯಾ ಮಾಡುವ ಪ್ರಯತ್ನವೂ ಪ್ರಯೋಗಶಾಲೆಗಳಲ್ಲಿ ನಡೆದಿದೆ.

ತೊಡಕುಗಳಿಲ್ಲವೆಂದಲ್ಲ. ಪೊರೆಗಳು ದುಬಾರಿ, ಕೊಳೆ ಕಟ್ಟುತ್ತವೆ. ಆಮ್ಲವನ್ನು ಹುಷಾರಾಗಿ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಮೂತ್ರವನ್ನು ಮೊದಲೇ ಬೇರ್ಪಡಿಸುವುದು. ಚರಂಡಿಯಲ್ಲಿ ನೂರು ಪಾಲು ನೀರು ಬೆರೆತ ಮೇಲೆ ಹಿಡಿಯಹೋಗುವುದು ಅವಿವೇಕ.

ಇನ್ನೊಂದು ಮಾತನ್ನು ನುಂಗಿಕೊಳ್ಳಲಾರೆ. ನಮ್ಮ ದೇಶದಲ್ಲಿ ಈ ಹೊಲಸನ್ನು ಎತ್ತುವ ಕೆಲಸವನ್ನು ಹುಟ್ಟಿನಿಂದಲೇ ಕೆಲವರ ತಲೆಗೆ ಕಟ್ಟಿದ್ದೇವೆ. ಅದನ್ನು ನಿಷೇಧಿಸಿ ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಕಾನೂನು ಬಂದಿತು. ಅದಾದ ಮೇಲೂ ಗುಂಡಿಗಿಳಿದವರು ವಿಷಾನಿಲದಿಂದ ಸತ್ತಿದ್ದಾರೆ. ಹೊಸ ಯಂತ್ರದ ಕೊಳವೆಗಳನ್ನು ತೊಳೆಯುವ ಕೆಲಸ ಮತ್ತೆ ಅವರ ಪಾಲಿಗೇ ಬರುವುದಾದರೆ ಈ ಯಂತ್ರವು ನನಗೆ ಬೇಡ. ಮನುಷ್ಯನ ಕೈ ಸೋಕದಂತೆ ಅದನ್ನು ಕಟ್ಟಲು ಸಾಧ್ಯವಿರುವುದರಿಂದಲೇ ನಾನು ಇಷ್ಟು ಹೇಳಿದ್ದು.

ಮೊದಲು ಮಾಡುವುದಾದರೆ ವಿದ್ಯಾರ್ಥಿನಿಲಯದಲ್ಲಿ ಮಾಡಬೇಕು. ಮುನ್ನೂರು ಹುಡುಗರಿಗೆ ವರ್ಷಕ್ಕೆ ಐವತ್ತೆಂಟು ಚೀಲವೆಂದು ನಾನೊಮ್ಮೆ ಲೆಕ್ಕ ಹಾಕಿದೆ. ರಜಾ ದಿನಗಳನ್ನೂ ಸೋರಿಕೆಯನ್ನೂ ಕಳೆದರೆ ಮೂವತ್ತಾದರೂ ಸಿಕ್ಕೀತು. ಈ ಲೆಕ್ಕವನ್ನು ಕೇಳಿ ಸಹೋದ್ಯೋಗಿಗಳು ನಕ್ಕರು. ತೋಟದ ಮಾಲಿ ಮಾತ್ರ ನಗಲಿಲ್ಲ. ವಾಸನೆ ಬರುವುದೇ ಎಂದು ಮೊದಲು ವಿಚಾರಿಸಿದನು. ಉಪ್ಪಿನಂತೆ ಬೆಳ್ಳಗಿರುವುದೆಂದು ತಿಳಿಸಿದಾಗ, ತೆಂಗಿನ ಗಿಡವೊಂದಕ್ಕೆ ಎಷ್ಟು ಹಾಕಬೇಕು ಸ್ವಾಮಿ, ಎಂದನು.